ಮೇಪಲ್ ಸಿರಪ್ ಒಲೆಗೆ ಯಾವ ಬ್ಲೋವರ್? ಒಂದು ಸೌದೆ ಒಲೆಯ ಲೆಕ್ಕಾಚಾರ

ಪುಣೆ, ಮುಂಬೈ, ಹೈದರಾಬಾದ್, ಚೆನ್ನೈ, ದೆಹಲಿ ಎಲ್ಲ ಕಡೆಯಿಂದ ಸೇರಿಕೊಂಡಿದ್ದೀರಿ, ಖುಷಿ. ನನ್ನ ಪರಿಚಯ ಎರಡೇ ಸಾಲು. ಎಂಟೆಕ್‌ನಲ್ಲಿ ಓದಿದ್ದು ಥರ್ಮಲ್ ಎಂಜಿನಿಯರಿಂಗ್, ಹೊಟ್ಟೆಪಾಡಿಗೆ ಬರೆಯೋದು ಜಾವಾ. ಪುಣೆಗೆ ಬಂದು ಒಂಬತ್ತು ವರ್ಷ ಆಯ್ತು. ಮಧ್ಯೆ ಎರಡು ಚಳಿಗಾಲ ಕ್ಲೈಂಟ್ ಕೆಲಸಕ್ಕೆ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿದ್ದೆ. ಇವತ್ತಿನ ಮಾತು ಅಲ್ಲಿಯದು.

ವಿಷಯ ಕೇಳಿ ಕೆಲವರು ನಕ್ಕಿರಬಹುದು. ಮೇಪಲ್ ಸಿರಪ್ ಒಲೆಗೆ ಬ್ಲೋವರ್ ಆರಿಸೋದು ಹೇಗೆ ಅಂತ ಅರ್ಧ ಗಂಟೆ ಭಾಷಣವಾ? ಹೌದು, ಅದೇ. ಓದಿದ ಥರ್ಮೋಡೈನಾಮಿಕ್ಸ್ ಆಫೀಸಿನಲ್ಲಿ ಒಂದು ದಿನವೂ ಕೆಲಸಕ್ಕೆ ಬಂದಿರಲಿಲ್ಲ. ಅಲ್ಲಿ, ಹಿಮದ ಮಧ್ಯೆ ಒಂದು ಮರದ ಶೆಡ್ಡಿನಲ್ಲಿ, ಪೂರ್ತಿ ಕೆಲಸಕ್ಕೆ ಬಂತು.

ಮೊದಲು ಕೆಲಸ ಏನು ಅಂತ ನೋಡೋಣ

ಫೆಬ್ರವರಿ ಕೊನೆಯಿಂದ ಏಪ್ರಿಲ್ ನಡುವಿನವರೆಗೆ ವರ್ಮಾಂಟಿನಲ್ಲಿ ರಾತ್ರಿ ನೀರು ಹೆಪ್ಪುಗಟ್ಟುತ್ತೆ, ಹಗಲು ಕರಗುತ್ತೆ. ಈ ಏರಿಳಿತಕ್ಕೆ ಶುಗರ್ ಮೇಪಲ್ ಮರದೊಳಗೆ ಒತ್ತಡ ಹುಟ್ಟಿ ರಸ ಹರಿಯುತ್ತೆ. ಮರಕ್ಕೆ ಸಣ್ಣ ತೂತು ಕೊರೆದು, ನಳಿಕೆ ಹಾಕಿ ಆ ರಸ ಹಿಡಿಯುತ್ತಾರೆ. ಯುರೋಪಿನವರು ಬರುವುದಕ್ಕೆ ಮೊದಲೇ ಅಬೆನಾಕಿ ಜನ ಇದನ್ನು ಮಾಡುತ್ತಿದ್ದರು. ಇವತ್ತು ಅಮೆರಿಕದಲ್ಲಿ ಅತಿ ಹೆಚ್ಚು ಸಿರಪ್ ಮಾಡುವ ರಾಜ್ಯ ವರ್ಮಾಂಟ್. ಜಗತ್ತಿನ ಲೆಕ್ಕ ತೆಗೆದುಕೊಂಡರೆ ಕೆನಡಾದ ಕ್ವಿಬೆಕ್ ಎಲ್ಲರಿಗಿಂತ ಮುಂದೆ.

ಆ ರಸ ನೋಡೋಕೆ ನೀರೇ. ಸಕ್ಕರೆ ಅಂಶ ಸುಮಾರು ಶೇಕಡಾ 2. ಸಿರಪ್ಪಿನಲ್ಲಿ ಇರಬೇಕಾದ್ದು ಶೇಕಡಾ 66ರಿಂದ 67. ವರ್ಮಾಂಟ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಸಿ.ಎಚ್. ಜೋನ್ಸ್ ಕೊಟ್ಟ ಒಂದು ಸುಲಭ ಸೂತ್ರ ಇದೆ, ಎಲ್ಲರೂ ಅದನ್ನು 86ರ ನಿಯಮ ಅಂತಾರೆ. 86ನ್ನು ರಸದ ಸಕ್ಕರೆ ಶೇಕಡಾವಾರಿನಿಂದ ಭಾಗಿಸಿ. ಶೇಕಡಾ 2 ಆದರೆ 43. ಅಂದ್ರೆ 43 ಲೀಟರ್ ರಸ ಕುದಿಸಿದರೆ 1 ಲೀಟರ್ ಸಿರಪ್. ಬಾಕಿ 42 ಲೀಟರ್ ಆವಿ.

ನಮ್ಮ ಆಲೆಮನೆ ನೋಡಿದವರಿಗೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತೆ. ಕಬ್ಬಿನ ಹಾಲಿನಲ್ಲಿ ಸಕ್ಕರೆ ಹೆಚ್ಚುಕಡಿಮೆ ಇದರ ಒಂಬತ್ತು ಪಟ್ಟು. ಮೇಲಾಗಿ ಅಲ್ಲಿ ಹಿಂಡಿದ ಸಿಪ್ಪೆಯೇ ಉರುವಲು. ಮೇಪಲ್‌ನಲ್ಲಿ ಸಿಪ್ಪೆ ಇಲ್ಲ. ಸೌದೆ ಕಡಿದು, ಸೀಳಿ, ಒಂದು ವರ್ಷ ಒಣಗಿಸಿ ಇಟ್ಟಿರಬೇಕು.

ಯಾರಿಗೆ ಬೇಕಿತ್ತು ಈ ಬ್ಲೋವರ್

ನಾನಿದ್ದ ಬಾಡಿಗೆ ಮನೆಯ ಪಕ್ಕದಲ್ಲಿ ಒಬ್ಬ ಹಿರಿಯರು ಇದ್ದರು, 67 ವರ್ಷ. ಸುಮಾರು 400 ತೂತು, 2 ಅಡಿ ಅಗಲ 6 ಅಡಿ ಉದ್ದದ ಸೌದೆ ಒಲೆ. ಒಲೆಯ ಮೇಲೆ ಎರಡು ಸ್ಟೀಲ್ ಪ್ಯಾನ್. ಹಿಂದಿನ ಪ್ಯಾನಿನ ತಳ ಮಡಿಕೆ ಮಡಿಕೆಯಾಗಿ ಇಳಿದಿರುತ್ತೆ, ಬೆಂಕಿಗೆ ಜಾಸ್ತಿ ಮೈ ಸಿಗಲಿ ಅಂತ. ಮುಂದಿನದು ಚಪ್ಪಟೆ, ಸಿರಪ್ ಆಗೋದು ಅಲ್ಲಿ. ಒಟ್ಟು ವ್ಯವಸ್ಥೆಗೆ ಎವಾಪರೇಟರ್ ಅಂತ ಹೆಸರು.

ಒಳ್ಳೆಯ ಹರಿವಿನ ದಿನ ಅವರಿಗೆ 1,500 ಲೀಟರ್ ರಸ ಬರುತ್ತಿತ್ತು. ಬರೀ ಚಿಮಣಿಯ ಸೆಳೆತದಲ್ಲಿ ಅವರ ಒಲೆ ಗಂಟೆಗೆ ಸುಮಾರು 95 ಲೀಟರ್ ಆವಿ ಮಾಡ್ತಿತ್ತು. ಲೆಕ್ಕ ಹಾಕಿ: ಹದಿನೈದೂವರೆ ಗಂಟೆ. ನಾಳೆಗೆ ಇಡೋಣ ಅಂದ್ರೆ ರಸ ಹಾಲಿನ ಹಾಗೆ. ಹಗಲು ಬಿಸಿಯಾದರೆ ಬ್ಯಾಕ್ಟೀರಿಯಾ ಬೆಳೆದು ಸಿರಪ್ ಕಪ್ಪಾಗುತ್ತೆ, ರುಚಿ ಕೆಡುತ್ತೆ. ಹಾಗಾಗಿ ಬೆಳಗ್ಗೆ ಒಂಬತ್ತಕ್ಕೆ ಹಚ್ಚಿದ ಬೆಂಕಿ ಮಧ್ಯರಾತ್ರಿ ದಾಟಿ ಆರುತ್ತಿತ್ತು.

ಹಿಂದಿನ ಬೇಸಿಗೆಯಲ್ಲಿ ಅವರಿಗೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಅವರ ಹೆಂಡತಿ ನೇರವಾಗಿ ಹೇಳಿಬಿಟ್ಟರು: ಒಂದೋ ಹತ್ತು ಗಂಟೆಯೊಳಗೆ ಒಲೆ ಆರಬೇಕು, ಇಲ್ಲವೋ ಈ ವರ್ಷವೇ ಕೊನೆ. ಮೂರು ತಲೆಮಾರಿನ ಕೆಲಸ. ಆಗಲೇ ಬ್ಲೋವರ್ ಮಾತು ಬಂದಿದ್ದು.

ಅವರ ಮಗ ಒಂದು ಬ್ಲೋವರ್ ತಂದುಕೊಟ್ಟಿದ್ದ, ಪುಕ್ಕಟೆ. ಹಳೆಯ ಮನೆಯ ಬಿಸಿಗಾಳಿ ಹೀಟರಿನಿಂದ ಕಳಚಿದ್ದು. ಅಳಿಲಿನ ಪಂಜರದ ಥರ ಚಕ್ರ, ಕಾಗದದಲ್ಲಿ 1,200 ಸಿಎಫ್‌ಎಂ, ಅಂದ್ರೆ ನಿಮಿಷಕ್ಕೆ 1,200 ಘನ ಅಡಿ ಗಾಳಿ. ಅಂಗಡಿಯಲ್ಲಿ ಇನ್ನೊಂದು ನೋಡಿದ್ದರು. ಚಿಕ್ಕದು, 300 ಸಿಎಫ್‌ಎಂ, ದುಡ್ಡು ಮಾತ್ರ ಜಾಸ್ತಿ. ಅವರ ಪ್ರಶ್ನೆ ಸಹಜ: ನಾಲ್ಕು ಪಟ್ಟು ಗಾಳಿ ಕೊಡೋದು ಪುಕ್ಕಟೆ ಸಿಕ್ಕಿರುವಾಗ ಚಿಕ್ಕದಕ್ಕೆ ಯಾಕೆ ದುಡ್ಡು ಕೊಡಬೇಕು?

ಡಬ್ಬದ ಮೇಲಿನ ಸಂಖ್ಯೆ ನೋಡಿ ಸರ್ವರ್ ಕೊಳ್ಳುವವರನ್ನು ನಾವೆಲ್ಲ ನೋಡಿದ್ದೇವೆ. ಲೋಡ್ ಇಲ್ಲದಾಗಿನ ಬೆಂಚ್‌ಮಾರ್ಕ್ ಒಂದು, ಲೋಡ್ ಬಿದ್ದಾಗಿನ ಸತ್ಯ ಇನ್ನೊಂದು. ಬ್ಲೋವರಿನ ಕಥೆಯೂ ಅದೇ. ಅದಕ್ಕೆ ನಾವು ಬ್ಲೋವರಿನಿಂದ ಶುರು ಮಾಡಲಿಲ್ಲ, ನೀರಿನಿಂದ ಶುರು ಮಾಡಿದೆವು.

ನೀರು, ಸೌದೆ, ಗಾಳಿ: ಈ ಕ್ರಮದಲ್ಲಿ

ಗುರಿ: ಗಂಟೆಗೆ 130 ಲೀಟರ್ ಆವಿ. ಇಷ್ಟಾದರೆ 1,500 ಲೀಟರ್ ರಸ ಹನ್ನೊಂದೂವರೆ ಗಂಟೆಯೊಳಗೆ ಮುಗಿಯುತ್ತೆ.

ಮೊದಲ ಹೆಜ್ಜೆ, ಶಾಖ. ರಸ 4 ಡಿಗ್ರಿಯಲ್ಲಿ ಬರುತ್ತೆ. ಅದನ್ನು 100 ಡಿಗ್ರಿಗೆ ತರೋಕೆ ಕೆ.ಜಿ.ಗೆ 400 ಕಿಲೋಜೂಲ್. ಕುದಿಯುವ ನೀರನ್ನು ಆವಿ ಮಾಡೋಕೆ ಇನ್ನೂ 2,257. ಒಟ್ಟು ಸುಮಾರು 2,660. ಇದನ್ನು 130ರಿಂದ ಗುಣಿಸಿದರೆ ಗಂಟೆಗೆ 346 ಮೆಗಾಜೂಲ್, ಅಂದ್ರೆ 96 ಕಿಲೋವ್ಯಾಟ್. ಮನೆಯ 2 ಕಿಲೋವ್ಯಾಟಿನ ಗೀಸರ್ ನೆನಪಿಸಿಕೊಳ್ಳಿ. ಅಂಥ 48 ಗೀಸರ್ ಒಟ್ಟಿಗೆ ಹಾಕಿದ ಹಾಗೆ.

ಎರಡನೇ ಹೆಜ್ಜೆ, ಸೌದೆ. ಚೆನ್ನಾಗಿ ಒಣಗಿದ, ಶೇಕಡಾ 20 ತೇವ ಇರುವ ಸೌದೆ ಕೆ.ಜಿ.ಗೆ ಸುಮಾರು 14.5 ಮೆಗಾಜೂಲ್ ಕೊಡುತ್ತೆ. ಅದರಲ್ಲಿ ಅರ್ಧ ಪ್ಯಾನಿಗೆ ಹೋಗುತ್ತೆ, ಉಳಿದರ್ಧ ಚಿಮಣಿ, ಗೋಡೆ, ಅರೆಬೆಂದ ಹೊಗೆಗೆ ಹೋಗುತ್ತೆ ಅಂತ ಇಟ್ಟುಕೊಂಡೆವು. ಹಾಗಾದರೆ ಗಂಟೆಗೆ 48 ಕೆ.ಜಿ. ಸೌದೆ. ಎಂಟು ನಿಮಿಷಕ್ಕೊಮ್ಮೆ ಆರೂವರೆ ಕೆ.ಜಿ. ಹಾಕ್ತಾ ಇರಬೇಕು.

ಒಂದು ಮಾತು ಇಲ್ಲೇ ಹೇಳ್ತೀನಿ. ಹಸಿ ಸೌದೆ, ಅರ್ಧ ತೂಕ ನೀರೇ ಇರುವಂಥದ್ದು, ಕೆ.ಜಿ.ಗೆ 8 ಮೆಗಾಜೂಲ್ ಮಾತ್ರ ಕೊಡುತ್ತೆ. ಬ್ಲೋವರ್ ಹಾಕಿದರೆ ಹಸಿ ಸೌದೆಯೂ ಉರಿಯುತ್ತಲ್ಲ ಅಂತ ಕೆಲವರು ಹೇಳ್ತಾರೆ. ಉರಿಯುತ್ತೆ. ಆದರೆ ನೀವು ದುಡ್ಡು ಕೊಟ್ಟು ಸೌದೆಯೊಳಗಿನ ನೀರನ್ನು ಕಾಯಿಸ್ತಾ ಇರ್ತೀರಿ, ಪ್ಯಾನಿನ ನೀರನ್ನಲ್ಲ.

ಮೂರನೇ ಹೆಜ್ಜೆ, ಗಾಳಿ. ಒಣ ಸೌದೆ 1 ಕೆ.ಜಿ. ಪೂರ್ತಿ ಉರಿಯೋಕೆ ಸುಮಾರು 6 ಕೆ.ಜಿ. ಗಾಳಿ ಬೇಕು. ಇಂಗಾಲ, ಜಲಜನಕ, ಆಮ್ಲಜನಕದ ಲೆಕ್ಕದಿಂದ ಬರುವ ಸಂಖ್ಯೆ ಅದು. ಶೇಕಡಾ 20 ತೇವ ಕಳೆದರೆ 4.8 ಕೆ.ಜಿ. ಗಾಳಿಯ ಸಾಂದ್ರತೆ 1.2 ಅಂತ ಹಿಡಿದರೆ ಸರಿಯಾಗಿ 4 ಘನ ಮೀಟರ್. ನೆನಪಿಡೋಕೆ ಸುಲಭ: ಒಂದು ಕೆ.ಜಿ. ಸೌದೆಗೆ ನಾಲ್ಕು ಘನ ಮೀಟರ್ ಗಾಳಿ.

48 ಕೆ.ಜಿ.ಗೆ 192 ಘನ ಮೀಟರ್. ಗಾಳಿ ಮತ್ತು ಹೊಗೆ ಪೂರ್ತಿ ಬೆರೆಯೋದಿಲ್ಲ, ಅದಕ್ಕೆ ಶೇಕಡಾ 50 ಹೆಚ್ಚುವರಿ ಸೇರಿಸಿದೆವು. ಗಂಟೆಗೆ 288 ಘನ ಮೀಟರ್. ಸಿಎಫ್‌ಎಂಗೆ ಬದಲಿಸಿದರೆ 170.

ಹಿರಿಯರು ಆ ಕಾಗದವನ್ನು ಎರಡು ಸಲ ನೋಡಿದರು. ಪುಕ್ಕಟೆ ಬ್ಲೋವರಿನ 1,200 ಎಲ್ಲಿ, ಒಲೆಗೆ ಬೇಕಾದ 170 ಎಲ್ಲಿ!

ಜಾಸ್ತಿ ಗಾಳಿ ಹಾಕಿದರೆ ಏನು ತೊಂದರೆ

ಬೇಕಾದ್ದಕ್ಕಿಂತ ಜಾಸ್ತಿ ಹೋದ ಗಾಳಿ ಸುಮ್ಮನೆ ಹೋಗಲ್ಲ. ಸೊನ್ನೆ ಡಿಗ್ರಿಯಲ್ಲಿ ಒಳಗೆ ಬಂದು, ನಿಮ್ಮ ಸೌದೆಯಿಂದ 350 ಡಿಗ್ರಿ ಬಿಸಿಯಾಗಿ, ಚಿಮಣಿಯಿಂದ ಹೊರಗೆ ಹೋಗುತ್ತೆ. ನಮ್ಮ ಒಲೆಗೆ ಲೆಕ್ಕ ಹಾಕಿ ನೋಡಿದೆ. ಹೆಚ್ಚುವರಿ ಗಾಳಿ ಶೇಕಡಾ 50 ಇದ್ದರೆ ಸೌದೆಯ ಶಾಖದಲ್ಲಿ ಐದನೇ ಒಂದು ಭಾಗ ಚಿಮಣಿ ಪಾಲು. ಶೇಕಡಾ 150 ಆದರೆ ಮೂರನೇ ಒಂದು ಭಾಗ. ಬೆಂಕಿ ಭೋರ್ಗರೆಯುತ್ತೆ, ಪ್ಯಾನ್ ಮಾತ್ರ ಅಷ್ಟೇ ಕುದಿಯುತ್ತೆ. ಕಿವಿಗೆ ಕೇಳುವ ಸದ್ದಿಗೂ ಆವಿಗೂ ಸಂಬಂಧ ಇಲ್ಲ.

ಇನ್ನೊಂದು, ಇದು ಅಪಾಯದ ವಿಷಯ. ಒಳಗೆ ಹಾಕಿದ ಗಾಳಿ ಬಿಸಿಯಾಗಿ ಉಬ್ಬುತ್ತೆ. ನಮ್ಮ 288 ಘನ ಮೀಟರ್ ಗಾಳಿ ಚಿಮಣಿಯಲ್ಲಿ ಸುಮಾರು 700 ಘನ ಮೀಟರ್ ಹೊಗೆ. ಅದನ್ನು ಹೊರಗೆ ಹಾಕೋದು ಚಿಮಣಿ ಒಂದೇ. ಒಲೆಯ ಉದ್ದದ ಎರಡರಷ್ಟು ಎತ್ತರ ಚಿಮಣಿ ಇರಲಿ ಅನ್ನೋದು ಹಳೆಯ ಅಂದಾಜು, ಇಲ್ಲಿ 12 ಅಡಿ. ಅಷ್ಟು ಎತ್ತರದ ಬಿಸಿ ಚಿಮಣಿಯ ಸೆಳೆತ ಬರೀ 25 ಪ್ಯಾಸ್ಕಲ್ ಆಸುಪಾಸು. ಚಿಮಣಿ ಎಳೆದುಕೊಳ್ಳೋದಕ್ಕಿಂತ ಜಾಸ್ತಿ ನೀವು ತಳ್ಳಿದರೆ ಒಲೆಯೊಳಗೆ ಒತ್ತಡ ಹೊರಮುಖ ಆಗುತ್ತೆ. ಬಾಗಿಲ ಸಂದು, ಪ್ಯಾನಿನ ಅಂಚು, ಎಲ್ಲ ಕಡೆ ಹೊಗೆ ಮತ್ತು ಕಾರ್ಬನ್ ಮೊನಾಕ್ಸೈಡ್ ಶೆಡ್ಡಿನೊಳಗೆ. ಆಗಲೇ ಆವಿ ತುಂಬಿದ ಕೋಣೆ, ಒಬ್ಬರೇ ಇರುವವರು, ವಯಸ್ಸಾದವರು. ಹೀಗೆ ಆಗಬಾರದು.

ಒತ್ತಡ: ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರೋದು

ಈಗ ಮುಖ್ಯ ವಿಷಯಕ್ಕೆ ಬಂದೆವು. ಗಾಳಿ ಎಲ್ಲಿ ಕೊಡಬೇಕು?

ಸೌದೆಯನ್ನು ಬಿಸಿ ಮಾಡಿದರೆ ಅದರ ಒಣತೂಕದ ಮುಕ್ಕಾಲು ಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಅನಿಲವಾಗಿ ಮೇಲೇಳುತ್ತೆ. ಕೆಂಡ ಆಗಿ ಕೆಳಗೆ ಉಳಿಯೋದು ಸ್ವಲ್ಪ. ಅಂದ್ರೆ ಉರಿಯಬೇಕಾದ ಬಹುಪಾಲು ಸೌದೆಯ ಮೇಲ್ಗಡೆ ತೇಲ್ತಾ ಇರುತ್ತೆ. ಗ್ರೇಟ್ ಅಂತಾರಲ್ಲ, ಆ ಕಬ್ಬಿಣದ ಸರಳುಗಳ ಕೆಳಗಿನಿಂದಲೇ ಪೂರ್ತಿ ಗಾಳಿ ಊದಿದರೆ ಕೆಂಡ ಕುಲುಮೆಯ ಹಾಗೆ ಬಿಳಿ ಆಗುತ್ತೆ, ಬೂದಿ ಹಾರುತ್ತೆ, ಸರಳು ಬಾಗುತ್ತೆ. ಮೇಲಿನ ಅನಿಲಕ್ಕೆ ಆಮ್ಲಜನಕ ಸಿಗದೆ ಚಿಮಣಿಯಲ್ಲಿ ಕಪ್ಪು ಹೊಗೆ. ಆ ಕಪ್ಪು ಹೊಗೆಯೇ ನಿಮ್ಮ ಸೌದೆ.

ಅದಕ್ಕೆ ಗಾಳಿಯನ್ನು ಎರಡು ಪಾಲು ಮಾಡ್ತಾರೆ. ನಾವು ಇಟ್ಟುಕೊಂಡ ಹಂಚಿಕೆ: ಕೆಳಗಿನಿಂದ ಶೇಕಡಾ 30, ಮೇಲಿನಿಂದ ಶೇಕಡಾ 70. ಮೇಲಿನದು ಒಲೆಯ ಎರಡೂ ಪಕ್ಕದ ಗೋಡೆಯಿಂದ ಸಣ್ಣ ಪೈಪುಗಳಲ್ಲಿ, ಸೌದೆಯ ಮೇಲ್ಮಟ್ಟಕ್ಕಿಂತ ಸ್ವಲ್ಪ ಎತ್ತರದಲ್ಲಿ ಬರುತ್ತೆ. ಆ ಗಾಳಿ ಬಾಣದ ಹಾಗೆ ಉರಿಯ ಮಧ್ಯಕ್ಕೆ ನುಗ್ಗಬೇಕು, ಅನಿಲವನ್ನು ಕಲಕಬೇಕು. ಸುಮ್ಮನೆ ಗೋಡೆಯ ಪಕ್ಕ ಸೋರಿದರೆ ಪ್ರಯೋಜನ ಇಲ್ಲ.

ಬಾಣಕ್ಕೆ ವೇಗ ಬೇಕು, ವೇಗಕ್ಕೆ ಒತ್ತಡ ಬೇಕು. ಬ್ಲೋವರಿನ ಒತ್ತಡವನ್ನು ಅಲ್ಲಿ ಇಂಚು ನೀರಿನಲ್ಲಿ ಅಳೀತಾರೆ. 1 ಇಂಚು ಅಂದ್ರೆ 249 ಪ್ಯಾಸ್ಕಲ್. 4 ಇಂಚು, ಹತ್ತಿರ ಹತ್ತಿರ 1,000 ಪ್ಯಾಸ್ಕಲ್ ಇದ್ದರೆ ಪೈಪಿನ ಬಾಯಲ್ಲಿ ಗಾಳಿಯ ವೇಗ ಸೆಕೆಂಡಿಗೆ 41 ಮೀಟರ್. 1 ಇಂಚು ಇದ್ದರೆ ಅದರ ಅರ್ಧ. ಗಮನಿಸಿ: ವೇಗ ಎರಡು ಪಟ್ಟು ಬೇಕಾದರೆ ಒತ್ತಡ ನಾಲ್ಕು ಪಟ್ಟು. ವರ್ಗದ ಸಂಬಂಧ.

4 ಇಂಚಿಗೆ ಲೆಕ್ಕ ಹಾಕಿದಾಗ 13 ಮಿಲಿಮೀಟರ್ ಒಳವ್ಯಾಸದ 13 ಪೈಪ್ ಬೇಕು ಅಂತ ಬಂತು. ಎರಡೂ ಪಕ್ಕ ಸಮ ಇರಲಿ ಅಂತ ಏಳೇಳು, ಒಟ್ಟು 14.

ಈಗ ಪುಕ್ಕಟೆ ಬ್ಲೋವರ್. ಅಳಿಲಿನ ಪಂಜರದ ಚಕ್ರಗಳಲ್ಲಿ, ಮನೆಯ ಹೀಟರಿಗೆ ಮಾಡಿದವು ಅಗಲವಾದ ಡಕ್ಟಿನಲ್ಲಿ ಬಹಳ ಗಾಳಿಯನ್ನು ಮೆಲ್ಲಗೆ ಸಾಗಿಸೋಕೆ ಇರೋದು. ಎದುರು ಒತ್ತಡ ಬಂದ ಕೂಡಲೇ ಹರಿವು ಕುಸಿಯುತ್ತೆ. 1,200 ಅನ್ನೋದು ಬಾಯಿ ತೆರೆದಿದ್ದಾಗ. ನಾವು ಸೀಸನ್ನಿಗೆ ಮೊದಲು ಪ್ಯಾನಿನಲ್ಲಿ ಬರೀ ನೀರು ಹಾಕಿ ಪರೀಕ್ಷೆ ಮಾಡಿದೆವು. ಒತ್ತಡ ಅಳೆಯೋಕೆ ಯಾವ ಉಪಕರಣವೂ ಬೇಡ. ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬನ್ನು ಯು ಆಕಾರದಲ್ಲಿ ಹಲಗೆಗೆ ಬಿಗಿದು ದ್ರವ ತುಂಬಿದರೆ ಆಯ್ತು. ಅಲ್ಲಿ ಬರೀ ನೀರು ಹೆಪ್ಪುಗಟ್ಟುತ್ತೆ, ಅದಕ್ಕೆ ಕಾರಿನ ಗಾಜು ತೊಳೆಯುವ ನೀಲಿ ದ್ರವ ಹಾಕಿದೆವು. ಅಂದಾಜಿಗೆ ಅದು ಸಾಕು. 14 ಪೈಪಿಗೆ ಜೋಡಿಸಿದಾಗ ಪುಕ್ಕಟೆ ಬ್ಲೋವರ್ ಏರಿಸಿದ್ದು 0.8 ಇಂಚು. ವೇಗ 18 ಮೀಟರ್, ಬೇಕಾದ್ದರಲ್ಲಿ ಅರ್ಧಕ್ಕಿಂತ ಕಡಿಮೆ. ಅದನ್ನೇ ಗ್ರೇಟಿನ ಕೆಳಗೆ ಜೋಡಿಸಿ ಬಾಯಿ ತೆರೆದಾಗ ಉಲ್ಟಾ: ಚಿಮಣಿಯ ತುದಿಯಿಂದ ಕಿಡಿಗಳು ಎದ್ದು ಶೆಡ್ಡಿನ ಮೇಲೆ ಬಿದ್ದವು. ಮಾಡಿನ ಮೇಲೆ ಒಂದಡಿ ಹಿಮ ಇದ್ದಿದ್ದರಿಂದಲೇ ಆ ದಿನ ಆರಿಸಿಕೊಂಡಿದ್ದೆವು.

ಒಂದೇ ಬ್ಲೋವರ್, ಒಂದು ಕಡೆ ಸಾಲದು, ಇನ್ನೊಂದು ಕಡೆ ಅತಿ. ಹಿರಿಯರು ಏನೂ ಹೇಳಲಿಲ್ಲ, ಅದರ ಪ್ಲಗ್ ಕಿತ್ತು ಮೂಲೆಗೆ ಇಟ್ಟರು.

ಹಾಗಾದರೆ ಕೊಳ್ಳುವಾಗ ಏನು ಕೇಳಬೇಕು

ಅಂಗಡಿಯವನ ಹತ್ತಿರ ಎಷ್ಟು ಸಿಎಫ್‌ಎಂ ಅಂತ ಕೇಳಬೇಡಿ. ಇಂತಿಷ್ಟು ಒತ್ತಡದಲ್ಲಿ ಎಷ್ಟು ಸಿಎಫ್‌ಎಂ ಅಂತ ಕೇಳಿ. ಪ್ರತಿ ಬ್ಲೋವರಿಗೂ ಒಂದು ಕೋಷ್ಟಕ ಅಥವಾ ವಕ್ರರೇಖೆ ಇರುತ್ತೆ. ಡಕ್ಟು, ಬಾಗು, ಕವಾಟಗಳಲ್ಲಿ ಕಳೆಯೋದಕ್ಕೆ 1 ಇಂಚು ಸೇರಿಸಿ ನಾವು ಕೇಳಿದ್ದು: 5 ಇಂಚಿನಲ್ಲಿ 170 ಸಿಎಫ್‌ಎಂ. ಅಂಗಡಿಯ ಚಿಕ್ಕ ಬ್ಲೋವರಿನ ಕೋಷ್ಟಕ ನೋಡಿದೆವು, ಅದು ಇದನ್ನು ದಾಟುತ್ತಿತ್ತು. ಕೋಷ್ಟಕ ಇಲ್ಲದ ಬ್ಲೋವರ್ ಎಷ್ಟೇ ಅಗ್ಗ ಆದರೂ ಈ ಕೆಲಸಕ್ಕೆ ಬೇಡ.

ಮೋಟಾರ್ ಎಷ್ಟು ದೊಡ್ಡದು? ಸೆಕೆಂಡಿಗೆ 0.08 ಘನ ಮೀಟರ್ ಗಾಳಿ, 1,250 ಪ್ಯಾಸ್ಕಲ್ ಒತ್ತಡ. ಗುಣಿಸಿದರೆ 100 ವ್ಯಾಟ್. ಚಕ್ರದ ದಕ್ಷತೆ ಶೇಕಡಾ 45 ಅಂದರೆ ಶಾಫ್ಟಿನಲ್ಲಿ 220 ವ್ಯಾಟ್. ಕಾಲು ಎಚ್‌ಪಿ ಅಂದರೆ 187 ವ್ಯಾಟ್, ಸಾಲದು. ಮೂರನೇ ಒಂದು ಎಚ್‌ಪಿ, 249 ವ್ಯಾಟ್, ಸರಿ. ಶೆಡ್ಡಿಗೆ ಕರೆಂಟ್ ಬರುತ್ತಿದ್ದುದು ಮನೆಯಿಂದ ಎಳೆದ ಉದ್ದ ತಂತಿಯಲ್ಲಿ, ಕರೆಂಟ್ ಹೋದರೆ ಸಣ್ಣ ಜನರೇಟರ್. ಶುರುವಾಗುವಾಗ ಮೋಟಾರ್ ಹಲವು ಪಟ್ಟು ಕರೆಂಟ್ ಎಳೆಯುತ್ತೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡೆವು.

ಮೋಟಾರ್ ಪೂರ್ತಿ ಮುಚ್ಚಿದ ಮಾದರಿ ಇರಬೇಕು, ಯಾಕಂದ್ರೆ ಸಿರಪ್ ಶೆಡ್ಡಿನೊಳಗೆ ಮೋಡ ಇಳಿದ ಹಾಗೆ ಆವಿ. ಸಾಧ್ಯವಾದರೆ ಗೋಡೆಯ ಆಚೆ ಇಟ್ಟು ಮಳೆ ಹಿಮ ಬೀಳದ ಹಾಗೆ ಮುಚ್ಚಿ. ಸದ್ದೂ ಕಡಿಮೆ. ಒಲೆಯ ಹತ್ತಿರದ ಡಕ್ಟ್ ಲೋಹದ್ದೇ ಇರಲಿ, ಪ್ಲಾಸ್ಟಿಕ್ ಬೇಡವೇ ಬೇಡ.

ವೇಗ ಕಡಿಮೆ ಮಾಡೋಕೆ ರೆಗ್ಯುಲೇಟರ್ ಹಾಕಬಹುದಾ? ಎಲ್ಲ ಮೋಟಾರಿಗೂ ಆಗಲ್ಲ. ಶುರುವಿಗೆ ಮಾತ್ರ ಕೆಪಾಸಿಟರ್ ಬಳಸುವ ಮೋಟಾರಿಗೆ ಹಾಕಿದರೆ ಸುಟ್ಟುಹೋಗಬಹುದು. ನಾವು ಸರಳ ದಾರಿ ಹಿಡಿದೆವು: ಡಕ್ಟಿನಲ್ಲಿ ಜಾರುವ ತಗಡಿನ ಬಾಗಿಲು. ಮೇಲಿನ ಗಾಳಿಗೆ ಒಂದು, ಕೆಳಗಿನ ಗಾಳಿಗೆ ಒಂದು, ಪ್ರತ್ಯೇಕ. ಈ ಎರಡು ತಗಡಿನ ಬೆಲೆ ಏನೂ ಇಲ್ಲ, ಆದರೆ ಇಡೀ ವ್ಯವಸ್ಥೆಯನ್ನು ಹದಕ್ಕೆ ತರೋದು ಅವೇ.

ಹದ ಮಾಡೋದು ಹೀಗೆ. ಬೆಂಕಿ ಹತ್ತಿಕೊಳ್ಳುವಾಗ ಕೆಳಗಿನದು ಜಾಸ್ತಿ. ಹತ್ತಿದ ಮೇಲೆ ಕೆಳಗಿನದು ತಗ್ಗಿಸಿ, ಮೇಲಿನದು ಏರಿಸಿ. ಚಿಮಣಿಯಲ್ಲಿ ಕಪ್ಪು ಹೊಗೆ ಕಂಡರೆ ಮೇಲಿನದು ಸಾಲದು. ಹೊಗೆಯೇ ಇಲ್ಲ ಆದರೆ ಕುದಿ ಸಪ್ಪೆಯಾಗಿದೆ ಅಂದರೆ ಗಾಳಿ ಜಾಸ್ತಿ ಆಗಿದೆ. ಬಾಗಿಲ ಸಂದಿಗೆ ಒಂದು ಊದುಬತ್ತಿ ಹಿಡಿಯಿರಿ. ಹೊಗೆ ಒಳಗೆ ಹೋಗಬೇಕು ಅಥವಾ ನಿಂತಲ್ಲೇ ಇರಬೇಕು. ಹೊರಗೆ ತಳ್ಳಿದರೆ ಒಟ್ಟು ಗಾಳಿ ತಗ್ಗಿಸಿ. ಊದುಬತ್ತಿ ನನ್ನ ಸೂಟ್‌ಕೇಸಿನದು ಅಂತ ಬೇರೆ ಹೇಳಬೇಕಾಗಿಲ್ಲ.

ಬ್ಲೋವರ್ ಬಂದ ಮೇಲೆ ಬದಲಾಗುವ ಎರಡು ವಿಷಯ

ಮೊದಲನೆಯದು ಬಾಗಿಲು. ಬ್ಲೋವರ್ ಓಡುತ್ತಿರುವಾಗ ಸೌದೆ ಹಾಕೋಕೆ ಬಾಗಿಲು ತೆಗೆದರೆ ಜ್ವಾಲೆ ಮುಖಕ್ಕೆ ಬರುತ್ತೆ. ದಿನಕ್ಕೆ ಎಂಬತ್ತು ತೊಂಬತ್ತು ಸಲ ತೆಗೆಯುವ ಬಾಗಿಲು ಅದು. ನೆನಪಿನ ಮೇಲೆ ಬಿಡೋ ವಿಷಯ ಅಲ್ಲ. ಬಾಗಿಲ ಪಕ್ಕದಲ್ಲೇ ಕಾಲಲ್ಲಿ ಒತ್ತುವ ಸ್ವಿಚ್ ಹಾಕಿಸಿದೆವು. ಒತ್ತಿ, ಐದು ಎಣಿಸಿ, ಆಮೇಲೆ ಬಾಗಿಲು.

ಎರಡನೆಯದು ಸಮಯ. ಪ್ಯಾನಿನಲ್ಲಿ ರಸದ ಮಟ್ಟ 1 ಇಂಚು ಅಂತ ಇಟ್ಟುಕೊಳ್ಳಿ. 12 ಚದರ ಅಡಿ ಚಪ್ಪಟೆ ತಳಕ್ಕೆ ಅದು 28 ಲೀಟರ್. ಗಂಟೆಗೆ 95 ಲೀಟರ್ ಆವಿ ಆಗುವಾಗ ರಸದ ಪೈಪು ಕಟ್ಟಿಕೊಂಡರೆ ಪ್ಯಾನ್ ಒಣಗೋಕೆ 18 ನಿಮಿಷ. 130 ಆದರೆ 13 ನಿಮಿಷ. ಅಷ್ಟರೊಳಗೆ ಸಕ್ಕರೆ ಕರಟಿ ಪ್ಯಾನ್ ಸುಡುತ್ತೆ, ಮತ್ತು ಅದು ಬ್ಲೋವರಿಗಿಂತ ಎಷ್ಟೋ ಪಟ್ಟು ದುಬಾರಿ. ಹಾಗಾಗಿ ಫ್ಲೋಟ್ ಕವಾಟ ಹೊಸ ಹರಿವಿಗೆ ಸಾಲುತ್ತಾ ನೋಡಿ, ಮಟ್ಟ ಒಂದೂವರೆಯಿಂದ ಎರಡು ಇಂಚು ಇಡಿ, ಒಂದು ಬಕೆಟ್ ರಸ ಪಕ್ಕದಲ್ಲೇ ಇರಲಿ. ವೇಗ ಹೆಚ್ಚಿದ ಯಾವ ವ್ಯವಸ್ಥೆಯಲ್ಲೂ ಎಚ್ಚರಿಕೆಯ ಅವಧಿ ಕಡಿಮೆ ಆಗುತ್ತೆ. ಪ್ರೊಡಕ್ಷನ್ ಸಪೋರ್ಟ್ ಮಾಡಿದವರಿಗೆ ಇದು ಗೊತ್ತು.

ಕೊನೆಗೆ ಎಷ್ಟು ಬಂತು

ಗುರಿ 130 ಇತ್ತು, ಬಂದಿದ್ದು 122 ಲೀಟರ್. ಹಳೆಯ 95ಕ್ಕೆ ಹೋಲಿಸಿದರೆ ಶೇಕಡಾ 28 ಹೆಚ್ಚು. 1,500 ಲೀಟರ್ ದಿನ ಹದಿನೈದೂವರೆ ಗಂಟೆಯ ಬದಲು ಹನ್ನೆರಡು. ಬೆಳಗ್ಗೆ ಒಂಬತ್ತಕ್ಕೆ ಹಚ್ಚಿದರೆ ರಾತ್ರಿ ಒಂಬತ್ತು. ಆ ವರ್ಷ ಅವರು ಸೀಸನ್ ಪೂರ್ತಿ ಕುದಿಸಿದರು. ಅವರ ಹೆಂಡತಿ ರಾತ್ರಿ ಹತ್ತಕ್ಕೆ ಟಾರ್ಚ್ ಹಿಡಿದು ಬರುತ್ತಿದ್ದರು. ಬೈಯೋಕೆ ಅಲ್ಲ, ಪ್ಯಾನ್ ಮುಚ್ಚೋಕೆ.

ಈಗ ಪ್ರಶ್ನೆಗಳು. ಚಾಟಿನಲ್ಲಿ ಬಂದಿದ್ದರಲ್ಲಿ ಮೂರು ತೆಗೆದುಕೊಳ್ತೀನಿ.

ರಿವರ್ಸ್ ಆಸ್ಮೋಸಿಸ್ ಯಂತ್ರ ಹಾಕಿದರೆ ಬ್ಲೋವರೇ ಬೇಡವಲ್ಲ?

ಒಳ್ಳೆಯ ಪ್ರಶ್ನೆ, ಮತ್ತು ಬರೀ ಗಂಟೆ ಎಣಿಸಿದರೆ ನೀವು ಹೇಳೋದೇ ಸರಿ. ಶೇಕಡಾ 2ರ ರಸವನ್ನು ಪೊರೆಯಲ್ಲಿ ಹಾಯಿಸಿ 4 ಮಾಡಿದರೆ ಅರ್ಧ ನೀರು ಬೆಂಕಿಯಿಲ್ಲದೆ ಹೋಯ್ತು. ಬ್ಲೋವರ್ ಇಲ್ಲದ ಹಳೆಯ ಒಲೆಯಲ್ಲೂ ಏಳೂವರೆ ಗಂಟೆಗೆ ಮುಗಿಯುತ್ತೆ. ಸೌದೆಯೂ ಅರ್ಧ. ದೊಡ್ಡ ಉತ್ಪಾದಕರೆಲ್ಲ ಅದನ್ನೇ ಬಳಸ್ತಾರೆ. ಆದರೆ ಆ ಯಂತ್ರದೊಳಗೆ ನೀರು ಹೆಪ್ಪುಗಟ್ಟಿದರೆ ಹಾಳು, ಅದಕ್ಕೆ ಬೆಚ್ಚಗಿನ ಕೋಣೆ ಬೇಕು, ದಿನಾ ತೊಳೆಯಬೇಕು. ಇವರ ಶೆಡ್ಡಿನಲ್ಲಿ ಅಂಥ ಕೋಣೆ ಇರಲಿಲ್ಲ, ಇವರಿಗೆ ಇನ್ನೊಂದು ಯಂತ್ರ ತೊಳೆಯುವ ಮನಸ್ಸೂ ಇರಲಿಲ್ಲ. ಕೋಣೆ ಮತ್ತು ದುಡ್ಡು ಇರುವವರಿಗೆ ನಾನು ಮೊದಲು ಅದನ್ನೇ ಹೇಳ್ತೀನಿ.

ಅಮೆರಿಕದ ಬ್ಲೋವರ್ ಇಲ್ಲಿಗೆ ತಂದರೆ ನಡೆಯುತ್ತಾ?

ಅಲ್ಲಿ 120 ವೋಲ್ಟ್, 60 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟ್ ಸರಿ ಮಾಡಿದರೂ ಹರ್ಟ್ಸ್ 50ಕ್ಕೆ ಇಳಿಯುತ್ತೆ. ಸಾಮಾನ್ಯ ಇಂಡಕ್ಷನ್ ಮೋಟಾರಿನ ವೇಗ ಆರರಲ್ಲಿ ಐದು ಪಾಲು ಆಗುತ್ತೆ. ಹರಿವು ವೇಗದಷ್ಟೇ ಇಳಿಯುತ್ತೆ, ಶೇಕಡಾ 83. ಒತ್ತಡ ವೇಗದ ವರ್ಗದಷ್ಟು, ಅಂದ್ರೆ ಶೇಕಡಾ 69. 5 ಇಂಚಿನ ಬ್ಲೋವರ್ ಮೂರೂವರೆ ಇಂಚಿನದಾಗುತ್ತೆ. ಸಾಲದ್ದಕ್ಕೆ ಮೋಟಾರ್ ಬಿಸಿ. ಸೂಟ್‌ಕೇಸಿನ ತೂಕ ಬೇರೆ ವಿಷಯಕ್ಕೆ ಉಳಿಸಿಕೊಳ್ಳಿ.

ಮಂಡ್ಯ ಕಡೆಯ ನಮ್ಮ ಆಲೆಮನೆಗೆ ಇದೇ ಲೆಕ್ಕ ಹಾಕಬಹುದಾ?

ಹೈದರಾಬಾದಿನಿಂದ ಒಬ್ಬರು ಕೇಳಿದ್ದಾರೆ, ಊರಲ್ಲಿ ಅಣ್ಣ ಆಲೆಮನೆ ನಡೆಸ್ತಾರಂತೆ. ಕ್ರಮ ಅದೇ: ಗಂಟೆಗೆ ಎಷ್ಟು ನೀರು ಹೋಗಬೇಕು, ಅದಕ್ಕೆ ಎಷ್ಟು ಉರುವಲು, ಅದಕ್ಕೆ ಎಷ್ಟು ಗಾಳಿ, ಎಷ್ಟು ಒತ್ತಡ. ಸಂಖ್ಯೆಗಳನ್ನು ಮಾತ್ರ ನನ್ನ ಸ್ಲೈಡಿನಿಂದ ಎತ್ತಿಕೊಳ್ಳಬೇಡಿ. ಕಬ್ಬಿನ ಸಿಪ್ಪೆ ಸೌದೆಗಿಂತ ಬಹಳ ಹಗುರ, ಕೆಳಗಿನಿಂದ ಜೋರಾಗಿ ಊದಿದರೆ ಉರಿಯೋಕೆ ಮೊದಲೇ ಚಿಮಣಿ ಸೇರುತ್ತೆ. ಹಾಗಾಗಿ ಅಲ್ಲಿ ಮೇಲಿನ ಗಾಳಿಯ ಪಾಲು ಇನ್ನೂ ಮುಖ್ಯ. ಕೊಪ್ಪರಿಗೆಯಲ್ಲಿ ಬೆಲ್ಲ ಹದಕ್ಕೆ ಬರುವ ಕೊನೆಯ ನಿಮಿಷಗಳಲ್ಲಿ ಬೆಂಕಿ ತಟ್ಟನೆ ಇಳಿಸೋ ಹಾಗಿರಬೇಕು, ಆದ್ದರಿಂದ ತಗಡಿನ ಬಾಗಿಲು ಕೈಗೆ ಸಿಗುವಂತಿರಲಿ. ಬ್ಲೋವರ್ ಕೊಳ್ಳುವ ಮೊದಲು ಅಣ್ಣನಿಗೆ ಎರಡು ಕೆಲಸ ಹೇಳಿ. ಒಂದು, ಒಂದು ಕೊಪ್ಪರಿಗೆಗೆ ಎಷ್ಟು ಸಿಪ್ಪೆ ಹೋಗುತ್ತೆ ಅಂತ ತೂಕ ಮಾಡಿಸಿ. ಎರಡು, ಆ ಸಿಪ್ಪೆ ಇನ್ನೂ ಎರಡು ದಿನ ಬಿಸಿಲು ಕಂಡರೆ ಎಷ್ಟು ಹೋಗುತ್ತೆ ಅಂತ ಇನ್ನೊಮ್ಮೆ ತೂಕ ಮಾಡಿಸಿ. ಎರಡನೇ ತೂಕ ನೋಡಿದ ಮೇಲೆ ಬ್ಲೋವರಿನ ಮಾತು ಮುಂದಕ್ಕೆ ಹಾಕೋಣ ಅಂತ ಅವರಿಗೇ ಅನ್ನಿಸಬಹುದು. ತೂಕದ ಚೀಟಿ ನನಗೆ ಕಳಿಸಿ, ಗಾಳಿಯ ಲೆಕ್ಕ ನಾನು ಹಾಕಿಕೊಡ್ತೀನಿ.